ಪೋಸ್ಟ್‌ಡಾಕ್ ಅಂತ ಕರೆದು ಗ್ರಾಫ್ ಹಾಕಿಸುವವರ ಬಗ್ಗೆ

ಈಗಷ್ಟೇ ಒಬ್ಬಳು ಜೂನಿಯರ್ ಫೋನ್ ಮಾಡಿದ್ದಳು. ಸಿಟ್ಟು ಇನ್ನೂ ಇಳಿದಿಲ್ಲ. ಗಣಿತದಲ್ಲಿ ಪಿಎಚ್‌ಡಿ ಮಾಡಿದವಳು. ಒಂದು ಕ್ಯಾನ್ಸರ್ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲೆ ಸಂಶೋಧನೆ ಮಾಡೋಕೆ ಸಿಗುವ ತಾತ್ಕಾಲಿಕ ಹುದ್ದೆ) ಇಂಟರ್‌ವ್ಯೂ ಇತ್ತು. ಆರ್, ಪೈಥಾನ್ ಥರದ ಪ್ರೋಗ್ರಾಮಿಂಗ್ ಭಾಷೆ ಬರುತ್ತಾ, ಎಷ್ಟು ಬೇಗ ಗ್ರಾಫ್ ಮಾಡಿ ಕೊಡ್ತೀಯ ಅಂತ ಒಂದು ಗಂಟೆ ಕೇಳಿದರಂತೆ. ನಿನಗೆ ಯಾವ ಪ್ರಶ್ನೆ ಮೇಲೆ ಕೆಲಸ ಮಾಡೋ ಆಸೆ ಅಂತ ಒಬ್ಬರೂ ಕೇಳಲಿಲ್ಲ.

ಅಲ್ಲಿ ಖಾಲಿ ಇರೋದು ಡೇಟಾ ಅನಲಿಸ್ಟ್ ಕೆಲಸ. ಹಾಗಂತಲೇ ಹೇಳಿ, ಅದಕ್ಕೆ ತಕ್ಕ ಸಂಬಳ ಕೊಡಲಿ, ನನ್ನ ತಕರಾರಿಲ್ಲ. ಪೋಸ್ಟ್‌ಡಾಕ್ ಅಂತ ಯಾಕೆ ಕರೆಯಬೇಕು?

ನಾನು ಫಿಸಿಕ್ಸ್‌ನಿಂದ ಬಯಾಲಜಿ ಕಡೆ ಬಂದವನು ಅಂತ ನಿಮಗೆಲ್ಲ ಗೊತ್ತು. ನನ್ನ ಮೊದಲ ಪೋಸ್ಟ್‌ಡಾಕ್‌ನಲ್ಲೂ ಇದೇ ಆಯಿತು. ಒಂದು ಸಲ ಸಿಂಗಲ್ ಸೆಲ್ ಡೇಟಾ, ಅಂದರೆ ಒಂದೊಂದು ಜೀವಕೋಶವನ್ನೂ ಬೇರೆಬೇರೆಯಾಗಿ ಅಳೆದ ಡೇಟಾ, ತಂದುಕೊಟ್ಟರು. ರೋಗಿಗಳ ಸ್ಯಾಂಪಲ್ ಎಲ್ಲ ಒಂದು ದಿನ ಮಾಡಿದ್ದರು, ಆರೋಗ್ಯವಂತರದು ಇನ್ನೊಂದು ದಿನ. ಕಾಣೋ ವ್ಯತ್ಯಾಸ ರೋಗದ್ದೋ, ದಿನದ್ದೋ (ಇದಕ್ಕೆ ಬ್ಯಾಚ್ ಎಫೆಕ್ಟ್ ಅಂತಾರೆ)? ಯಾವ ಸಾಫ್ಟ್‌ವೇರ್ ಬಂದರೂ ಬೇರ್ಪಡಿಸೋಕೆ ಆಗಲ್ಲ. ಪ್ರಯೋಗಕ್ಕೆ ಮುಂಚೆ ಐದು ನಿಮಿಷ ಕೂರಿಸಿಕೊಂಡು ಕೇಳಿದ್ದರೆ, ಪ್ರತಿ ದಿನವೂ ಎರಡೂ ಗುಂಪಿನ ಸ್ಯಾಂಪಲ್ ಮಾಡಿ ಅಂತ ಹೇಳಿರುತ್ತಿದ್ದೆ. ಲ್ಯಾಬ್‌ನವರು ಕೇಳಲಿಲ್ಲ. "ಬ್ಯಾಚ್ ಎಫೆಕ್ಟ್ ತೆಗೆದುಬಿಡು, ಶುಕ್ರವಾರ ಮೀಟಿಂಗ್ ಇದೆ" ಅಂದರು.

ಇನ್ನೊಬ್ಬರ ಡೇಟಾ ಮೇಲೆ ಕೆಲಸ ಮಾಡಿದರೇ ತಾನೆ ಬಯಾಲಜಿ ಕಲಿಯೋದು ಅಂತ ಕೆಲವರು ಹೇಳುತ್ತಾರೆ. ಕಲಿಯುತ್ತೇವೆ, ಮೊದಲ ಆರು ತಿಂಗಳು. ಆಮೇಲೆ? ವರ್ಷಗಳು ಸುಮ್ನೆ ನಿಲ್ಲಲ್ಲ ಅಲ್ವಾ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಪೋಸ್ಟ್‌ಡಾಕ್‌ಗಳು ಸ್ವತಂತ್ರ ಸಂಶೋಧಕರಾಗಲಿ ಅಂತ ಕೊಡುವ ಕೆ99 ಅನುದಾನಕ್ಕೆ ಅರ್ಜಿ ಹಾಕಬೇಕಾದರೆ ಪೋಸ್ಟ್‌ಡಾಕ್ ಅನುಭವ 4 ವರ್ಷ ದಾಟಿರಬಾರದು. ಅದರಲ್ಲಿ ಬರೆಯಬೇಕಾದ್ದು ನಮ್ಮದೇ ಪ್ರಶ್ನೆ. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಮುಖ್ಯವಾಗಿ ಕೆಲಸ ಮಾಡಿದವರದು; ನಾನು ನಡುವೆಲ್ಲೋ ನನ್ನ ಹೆಸರಿರುವ ಐದು ಪೇಪರ್ ಇಟ್ಟುಕೊಂಡು ಕೂತೆ. ಅರ್ಜಿಯ ಮೊದಲ ಪುಟವೇ ತುಂಬಲಿಲ್ಲ. ಆ ರಾತ್ರಿ ಅತ್ತಿದ್ದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ದಾರಿ ಇಲ್ಲ ಅಂತಲ್ಲ. ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಕ್ರಾಸ್-ಡಿಸಿಪ್ಲಿನರಿ ಫೆಲೋಶಿಪ್ ಇದೆ. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್ ಥರದ ಕಡೆಯಿಂದ ಜೀವವಿಜ್ಞಾನಕ್ಕೆ ಬರುವವರಿಗೆಂದೇ ಇರೋದು, 3 ವರ್ಷದ್ದು. ನಿಮ್ಮ ದುಡ್ಡು ನೀವೇ ತಂದರೆ ಲ್ಯಾಬ್‌ನಲ್ಲಿ ನಿಮ್ಮ ಮಾತಿಗೆ ತೂಕ ಜಾಸ್ತಿ.

ಅವಳಿಗೆ ಒಂದೇ ಹೇಳಿದೆ. ಆಫರ್ ಒಪ್ಪುವ ಮುಂಚೆ, ಆ ಲ್ಯಾಬ್‌ನಲ್ಲಿ ಗಣಿತ, ಫಿಸಿಕ್ಸ್ ಥರದ ಕಡೆಯಿಂದ ಬಂದು ಹೋದವರು ಯಾರು, ಅವರಿಗೆ ಮೊದಲ ಹೆಸರಿನ ಪೇಪರ್ ಸಿಕ್ಕಿತಾ, ಈಗ ಎಲ್ಲಿದ್ದಾರೆ ಅಂತ ಹುಡುಕು. ಅವರನ್ನೇ ಕೇಳು. ಮಾತಾಡುತ್ತಲೇ ಇಬ್ಬರಿಗೆ ಮೇಲ್ ಹಾಕಿದಳು. ಈಗ ಮೆಸೇಜ್ ಬಂತು. ಒಬ್ಬರು ಆಗಲೇ ಉತ್ತರ ಕೊಟ್ಟಿದ್ದಾರೆ: "ಬರೆದು ತಿಳಿಸೋದು ಬೇಡ, ಫೋನ್ ಮಾಡಿ."