ಕೋಡು ಬಯಲು, ಕಡತಕ್ಕೆ ಬೀಗ

ಯಾರು ಬೇಕಾದರೂ ಕೋಡು ನೋಡಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶದಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದರೂ ಅದಕ್ಕೊಂದು ಜಾತಕವಿರುತ್ತದೆ. ಯಾರು ಬದಲಿಸಿದರು, ಎಷ್ಟು ಗಂಟೆಗೆ, ಏನು ಕಾರಣ ಕೊಟ್ಟರು, ಎಲ್ಲವೂ ಉಂಟು. ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ ‘ಗಿಟ್ ಬ್ಲೇಮ್’ ಎಂದು ಟೈಪ್ ಮಾಡಿದರೆ ಸಾಲು ಸಾಲಿಗೂ ಹೆಸರು. ಅದೇ ತಂತ್ರಾಂಶದ ಹೆಸರಲ್ಲಿ ಚಂದಾ ಎತ್ತುವ ಸಂಸ್ಥೆಗೆ ಹೋಗಿ, ‘ಈ ನಿರ್ದೇಶಕರನ್ನು ಆರಿಸಿದ್ದು ಯಾರು?’ ಎಂದು ಕೇಳಿ ನೋಡಿ. ‘ಮಂಡಳಿ.’ ಮಂಡಳಿಯನ್ನು? ‘ಹಿಂದಿನ ಮಂಡಳಿ.’ ಎಷ್ಟು ಮತ ಬಿತ್ತು? ‘ಅದು ಮಂಡಳಿಯ ಆಂತರಿಕ ವಿಚಾರ.’ ಈ ಮಟ್ಟದ ಮುಚ್ಚುಮರೆ ತಾನಾಗಿ ಒಲಿಯುವಂಥದ್ದಲ್ಲ, ಅದಕ್ಕೂ ಕೈ ಪಳಗಿರಬೇಕು. ಹೊಸದಾಗಿ ಸಂಸ್ಥೆ ಕಟ್ಟುವವರಿಗೆ ಉಪಯೋಗವಾಗಲೆಂದು ಹಿರಿಯರು ಸವೆಸಿದ ದಾರಿ ಇಲ್ಲಿದೆ.

ಮೊದಲು ‘ಸದಸ್ಯ’ ಎಂಬ ಪದವನ್ನು ಹಿಡಿತಕ್ಕೆ ತಂದುಕೊಳ್ಳಿ. 1985ರಲ್ಲಿ ಹುಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನಲ್ಲಿ ತಿಂಗಳು ತಿಂಗಳು ದುಡ್ಡು ಕಟ್ಟುವವರು ‘ಅಸೋಸಿಯೇಟ್ ಸದಸ್ಯರು’. ಅವರಿಗೆ ಕಾರ್ಡು ಉಂಟು, ಮತ ಇಲ್ಲ. ಮಂಡಳಿಯನ್ನು ಆರಿಸುವ ‘ಮತದಾರ ಸದಸ್ಯರು’ ಬೇರೆಯೇ ಒಂದು ಪುಟ್ಟ ಪಟ್ಟಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. 2019ರಲ್ಲಿ ರಾಜೀನಾಮೆ ಕೊಟ್ಟಿದ್ದ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ 2021ರ ಮಾರ್ಚ್‌ನಲ್ಲಿ ಅದೇ ಸಂಸ್ಥೆಯ ಸಮ್ಮೇಳನದಲ್ಲಿ ನಿಂತು, ‘ನಾನು ಮಂಡಳಿಗೆ ವಾಪಸು ಬಂದಿದ್ದೇನೆ’ ಎಂದರು. ಸಮ್ಮೇಳನ ನಡೆಸುತ್ತಿದ್ದ ಸಿಬ್ಬಂದಿಗೂ ಇದು ಗೊತ್ತಾದದ್ದು ಆಗಲೇ ಎಂದು ಸಂಸ್ಥೆಯೇ ಆಮೇಲೆ ತಿಳಿಸಿತು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ?

ಈ ವಿಷಯದಲ್ಲಿ ಸ್ವಲ್ಪ ಒರಟು ಎಂದರೆ ಲಾಭರಹಿತ ಸಂಸ್ಥೆಗಳು ವರ್ಷಕ್ಕೊಮ್ಮೆ ತುಂಬಿಕೊಡಬೇಕಾದ, ಯಾರು ಬೇಕಾದರೂ ನೋಡಬಹುದಾದ, ಅಮೆರಿಕದ ತೆರಿಗೆ ಇಲಾಖೆಯ 990 ನಮೂನೆ. ಅದರ ಆರನೇ ಭಾಗದ ಆರನೇ ಪ್ರಶ್ನೆ: ಸಂಸ್ಥೆಗೆ ಸದಸ್ಯರಿದ್ದಾರೆಯೇ? ಅದರ ಬೆನ್ನಿಗೇ 7ಎ: ಆಡಳಿತ ಮಂಡಳಿಗೆ ಒಬ್ಬರನ್ನಾದರೂ ಆರಿಸುವ ಅಧಿಕಾರ ಅವರಿಗಿದೆಯೇ? ಕರಪತ್ರದಲ್ಲಿ ‘ನಮ್ಮ ಸಾವಿರಾರು ಸದಸ್ಯರು’ ಎಂದು ಬರೆದ ಕೈಯೇ ಇಲ್ಲಿ ನಡುಗದೆ ‘ಇಲ್ಲ’ ಎಂದು ಗುರುತು ಹಾಕಬೇಕು. ಹೆದರಬೇಡಿ. ಲೆಕ್ಕದ ವರ್ಷ ಡಿಸೆಂಬರಿಗೆ ಮುಗಿದರೆ ನಮೂನೆ ಸಲ್ಲಿಸಲು ಮೇ 15ರವರೆಗೆ ಕಾಲಾವಕಾಶವಿದೆ, ಕೇಳಿದರೆ ಇನ್ನೂ ಆರು ತಿಂಗಳು ಸಿಗುತ್ತದೆ. ಜನವರಿಯಲ್ಲಿ ಮಾಡಿದ ಖರ್ಚು ಮುಂದಿನ ವರ್ಷದ ನವೆಂಬರಿನಲ್ಲಿ, ಸುಮಾರು 22 ತಿಂಗಳು ಕಳೆದ ಮೇಲೆ ಬೆಳಕಿಗೆ ಬರುತ್ತದೆ. ಅಷ್ಟರಲ್ಲಿ ಕೇಳುವವನ ಸದಸ್ಯತ್ವವೇ ಮುಗಿದಿರುತ್ತದೆ.

ಎರಡನೆಯದು ಬೈಲಾ. ಅದರ ಕೊನೆಯ ಪುಟದ ಒಂದು ಸಾಲಿನಲ್ಲಿ ಇಡೀ ಸಂಸ್ಥೆಯ ಬೀಗದ ಕೈ ಇರುತ್ತದೆ: ‘ಈ ನಿಯಮಗಳನ್ನು ಮಂಡಳಿಯು ಬಹುಮತದಿಂದ ತಿದ್ದಬಹುದು.’ ಇದೊಂದಿದ್ದರೆ ಮೇಲಿನ ಪುಟಗಳಲ್ಲಿ ಎಷ್ಟು ಪ್ರಜಾಪ್ರಭುತ್ವ ಬೇಕೋ ಅಷ್ಟು ಸುರಿಯಿರಿ, ಏನೂ ತೊಂದರೆಯಿಲ್ಲ. ಲಿನಕ್ಸ್ ಫೌಂಡೇಶನ್‌ನಲ್ಲಿ ವೈಯಕ್ತಿಕ ಸದಸ್ಯರು ಮಂಡಳಿಗೆ ಇಬ್ಬರನ್ನು ಆರಿಸಿ ಕಳಿಸುವ ಪದ್ಧತಿಯಿತ್ತು. 2016ರ ಜನವರಿಯಲ್ಲಿ ಬೈಲಾ ತಿದ್ದಿ ಆ ಹಕ್ಕನ್ನು ತೆಗೆದರು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್‌ನಲ್ಲಿ (ಎಫ್‌ಎಸ್‌ಎಫ್‌ಇ) ದುಡ್ಡು ಕೊಟ್ಟು ಬೆಂಬಲಿಸುವ ‘ಫೆಲೋ’ಗಳು ಆರಿಸುವ ಸ್ಥಾನಗಳಿದ್ದವು, 2018ರಲ್ಲಿ ಅವೂ ಹೋದವು. ಕೋಡಿನಲ್ಲಿ ಎರಡು ಸಾಲು ತಿದ್ದಲು ಪ್ಯಾಚ್ ಕಳಿಸಬೇಕು, ಪರಿಶೀಲಕರ ಕೊಂಕು ಕೇಳಬೇಕು, ಪರೀಕ್ಷೆ ಪಾಸಾಗಬೇಕು. ಬೈಲಾಕ್ಕೆ ಅಂಥ ಕಾಟವಿಲ್ಲ. ಹಳೆಯ ಪಿಡಿಎಫ್ ಇದ್ದ ಜಾಗದಲ್ಲಿ ಅದೇ ಹೆಸರಿನ ಹೊಸ ಪಿಡಿಎಫ್ ಇಟ್ಟರೆ ಮುಗಿಯಿತು. ಡಿಫ್ ಹಾಕಿ, ಎಂದರೆ ಎರಡನ್ನೂ ಸಾಲು ಸಾಲಾಗಿ ಹೋಲಿಸಿ, ನೋಡೋಣವೆಂದರೆ ಹಳೆಯದನ್ನು ಉಳಿಸಿಕೊಂಡವರೇ ಇರುವುದಿಲ್ಲ. (ಸ್ಕ್ಯಾನ್ ಮಾಡಿದ ಚಿತ್ರವಾಗಿ ಹಾಕಿದರೆ ಇನ್ನೂ ಒಳ್ಳೆಯದು, ಹುಡುಕಿದರೂ ಪದ ಸಿಗದು.)

ಚುನಾವಣೆ ಬೇಡವೇ ಬೇಡ ಎಂದು ಮಾತ್ರ ಯಾವತ್ತೂ ಹೇಳಬೇಡಿ, ಅದು ಒರಟುತನ. ಚುನಾವಣೆ ನಡೆಸಿ, ಫಲಿತಾಂಶಕ್ಕೆ ‘ಸಲಹೆ’ ಎಂದು ಹೆಸರಿಡಿ. ಯಾವ ಪರವಾನಗಿ ‘ಓಪನ್ ಸೋರ್ಸ್’ ಎಂದು ತೀರ್ಮಾನಿಸುವ ಓಪನ್ ಸೋರ್ಸ್ ಇನಿಷಿಯೇಟಿವ್‌ನಲ್ಲಿ ಸದಸ್ಯರು ಮತ ಹಾಕುತ್ತಿದ್ದರು, ನೇಮಕ ಮಾಡುತ್ತಿದ್ದುದು ಮಂಡಳಿ. 2021ರಲ್ಲಿ ಮತದಾನ ವ್ಯವಸ್ಥೆಯಲ್ಲೇ ದೋಷ ಸಿಕ್ಕಿ, ಯಾರೋ ಅದನ್ನು ಬಳಸಿಕೊಂಡು, ಚುನಾವಣೆಯನ್ನು ಮತ್ತೆ ನಡೆಸಬೇಕಾಯಿತು. 2025ರಲ್ಲಿ ಸುಧಾರಣೆ ಬೇಕೆಂದು ನಿಂತ ಅಭ್ಯರ್ಥಿಗಳಿಬ್ಬರನ್ನು ಮತದಾನ ಮುಗಿದ ಮೇಲೆ ಕೈಬಿಟ್ಟರು. ಮಂಡಳಿ ಸದಸ್ಯರ ಒಪ್ಪಂದಕ್ಕೆ ಹೇಳಿದ ಹೊತ್ತಿಗೆ ಹೇಳಿದ ಹಾಗೆ ಸಹಿ ಹಾಕಲಿಲ್ಲವೆಂಬುದು ಕಾರಣ. ಗೆದ್ದ ಮೇಲೆ ಹಾಕುವ ಸಹಿಯನ್ನು ಗೆಲ್ಲುವ ಮೊದಲೇ ಕೇಳುವುದು ನಿಜಕ್ಕೂ ಹೊಸ ಶೋಧ. ನಾಮಪತ್ರದ ಕೊನೆಯ ದಿನ ಘೋಷಿಸುವಾಗಲೂ ದಿನಾಂಕ ಹಾಕಿ, ಕಾಲವಲಯ ಹಾಕಬೇಡಿ. ಭೂಮಿ ದುಂಡಗಿರುವುದು ಇಂಥ ಹೊತ್ತಿಗೇ ಉಪಯೋಗಕ್ಕೆ ಬರುವುದು.

ಇನ್ನು ನಡಾವಳಿ. ಒಂದು ಮಾದರಿ ಪುಟವನ್ನು ಹತ್ತಿರದಿಂದ ನೋಡಿ. ಹಾಜರಿದ್ದವರು: ಏಳು ಹೆಸರು. 14:00: ಹಿಂದಿನ ನಡಾವಳಿಗೆ ಒಪ್ಪಿಗೆ. 14:05: ಟಿ-ಶರ್ಟಿನ ಬಣ್ಣ, ಯಾರು ಏನೆಂದರು ಎಂಬುದರ ಸಮೇತ ಅರ್ಧ ಪುಟ. 14:20: ಮಂಡಳಿ ಗೋಪ್ಯ ಸಭೆಗೆ ಹೋಯಿತು. 15:40: ಗೋಪ್ಯ ಸಭೆಯಿಂದ ಹೊರಬಂತು. 15:41: ಸಭೆ ಮುಕ್ತಾಯ. ಸಿಬ್ಬಂದಿ ದೂರು, ಕಾನೂನು ಸಲಹೆ ಇಂಥವಕ್ಕೆ ಗೋಪ್ಯತೆ ಬೇಕು, ನಿಜ. ಹೊರಬಂದ ಮೇಲೆ ‘ಇಂಥ ನಿರ್ಣಯ, ಪರ ಐದು, ವಿರೋಧ ಎರಡು’ ಎಂದು ಒಂದು ಸಾಲು ಬರೆದರೆ ಗೋಪ್ಯವೇನೂ ಸೋರಿಹೋಗದು. ಆ ಒಂದು ಸಾಲು ಬರೆಯದಿರುವುದರಲ್ಲೇ ನಿಮ್ಮ ಕಸುಬುದಾರಿಕೆ ಇರುವುದು. ಈ ಪುಟವನ್ನು ಮುಂದಿನ ಸಭೆ ಒಪ್ಪಬೇಕು, ಮುಂದಿನ ಸಭೆ ಮೂರು ತಿಂಗಳಿಗೆ.

ಹಾದಿ ತಪ್ಪಿಸುವವರೂ ಇದ್ದಾರೆ, ಹುಷಾರು. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿ ಕಟ್ಟುವವರಂತೂ ಸಂವಿಧಾನವನ್ನೇ ಬರೆದಿಟ್ಟುಕೊಂಡಿದ್ದಾರೆ. ಒಬ್ಬ ಡೆವಲಪರ್ ನಿರ್ಣಯ ಮಂಡಿಸಿ ಐವರು ಬೆಂಬಲಿಸಿದರೆ ಚರ್ಚೆಗೆ ಬರುತ್ತದೆ, ಆಮೇಲೆ ಮತಕ್ಕೆ. ಕೋರಂಗೂ ಗಣಿತ: ಡೆವಲಪರ್‌ಗಳ ಸಂಖ್ಯೆಯ ವರ್ಗಮೂಲದ ಅರ್ಧ, ಅದರ ಮೂರು ಪಟ್ಟು. ಸಾವಿರ ಜನರಿದ್ದರೆ ವರ್ಗಮೂಲ 31.6, ಅರ್ಧ 15.8, ಮೂರು ಪಟ್ಟು 47.4, ಅಂದರೆ ಗೆಲ್ಲುವ ಆಯ್ಕೆಗೆ 48 ಮತವಾದರೂ ಬೇಕು. ನಾಯಕನಿಗೆ ಒಂದೇ ವರ್ಷದ ಅವಧಿ, ಮತಪತ್ರದಲ್ಲಿ ‘ಇವರಲ್ಲಿ ಯಾರೂ ಬೇಡ’ ಎಂಬ ಸಾಲು ಬೇರೆ. 2019ರಲ್ಲಿ ಮೊದಲ ವಾರ ಯಾರೂ ನಾಮಪತ್ರ ಹಾಕದೆ ಗಡುವು ಮುಂದೂಡಿದ್ದರು. ಸ್ಟಾಲ್‌ಮನ್ ಮಂಡಳಿಗೆ ವಾಪಸಾದ ವಿಚಾರದಲ್ಲಿ 2021ರಲ್ಲಿ ಎಂಟು ಆಯ್ಕೆ ಮುಂದಿಟ್ಟು ಜಗಳವಾಡಿ, ಕೊನೆಗೆ ‘ಹೇಳಿಕೆ ಕೊಡುವುದಿಲ್ಲ’ ಎಂಬುದನ್ನು ಗೆಲ್ಲಿಸಿದರು. ಸುಮ್ಮನಿರುವುದಕ್ಕೂ ಮತ ಹಾಕುವ ಜನ! ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರದೂ ಇದೇ ಕಥೆ. 2018ರಲ್ಲಿ ಆ ಭಾಷೆಯ ಸೃಷ್ಟಿಕರ್ತ ಗೈಡೋ ವಾನ್ ರೋಸಮ್ ‘ಇನ್ನು ನನ್ನ ಕೈಲಾಗದು’ ಎಂದು ನಾಯಕತ್ವ ಬಿಟ್ಟಾಗ, ಏಳು ಆಡಳಿತ ಮಾದರಿಗಳನ್ನು ಬರೆದು ಮತಕ್ಕಿಟ್ಟು ಐವರ ಮಂಡಳಿ ಮಾಡಿಕೊಂಡರು. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚು ಇರಕೂಡದು ಎಂಬ ಷರತ್ತೂ ಸೇರಿತು. ಇಂಥವರ ಸಹವಾಸ ಬೇಡ.

ಇಷ್ಟಾದರೂ ಯಾರಾದರೂ ಗೊಣಗಿದರೆ ಕೊನೆಯ ಅಸ್ತ್ರ ಇದ್ದೇ ಇದೆ: ‘ಇಷ್ಟವಿಲ್ಲದಿದ್ದರೆ ಫೋರ್ಕ್ ಮಾಡಿಕೊಳ್ಳಿ.’ ಅಂದರೆ, ಕೋಡಿನ ಪ್ರತಿ ಎತ್ತಿಕೊಂಡು ಬೇರೆ ಮನೆ ಮಾಡಿ. ಉದಾರ ಮಾತು. ಗುಂಡಿ ಒತ್ತಿದರೆ ಮೊದಲ ದಿನದಿಂದ ಇಂದಿನವರೆಗಿನ ಒಂದೊಂದು ಕಮಿಟ್ಟೂ, ಎಂದರೆ ದಾಖಲಾದ ಒಂದೊಂದು ಬದಲಾವಣೆಯೂ, ಸಿಗುತ್ತದೆ. ಬ್ಯಾಂಕ್ ಖಾತೆ, ಡೊಮೇನ್, ದಾನಿಗಳ ಪಟ್ಟಿ, ಟ್ರೇಡ್‌ಮಾರ್ಕ್ ಮಾತ್ರ ಆ ಗುಂಡಿಗೆ ಬಗ್ಗುವುದಿಲ್ಲ. 2010ರಲ್ಲಿ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದ ಯೋಜನೆ ಬಿಟ್ಟು ಹೊರಬಂದವರು ಆ ಹೆಸರನ್ನು ಕೊಡಿ ಎಂದು ಅದರ ಒಡೆತನದ ಒರಾಕಲ್ ಕಂಪನಿಯನ್ನು ಕೇಳಿದರು. ಕಂಪನಿ ಹೆಸರು ಕೊಡಲಿಲ್ಲ, ಬದಲಿಗೆ ಅವರನ್ನೇ ಸಮುದಾಯ ಸಮಿತಿಯಿಂದ ಇಳಿಯಿರಿ ಎಂದಿತು. ಹೊರಬಂದವರು ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಲ್ಲಿ ದುಡಿಯುತ್ತಾ ಹೋದರು. ಹಳೆಯ ಹೆಸರು 2011ರಲ್ಲಿ ಕೈ ಬದಲಾಯಿಸಿತು; ಹೋದದ್ದು ಅಪಾಚೆ ಫೌಂಡೇಶನ್‌ಗೆ.