ಮಿಷಿಗನ್ ಮತಪತ್ರದ ಪ್ರಶ್ನೆ: ನಾನು ಹಾಕಿದ್ದ ಮೆಸೇಜಲ್ಲಿ ತಪ್ಪಿದೆ

ಅಮೆರಿಕದ ಮಿಷಿಗನ್ ರಾಜ್ಯದ ಸಂವಿಧಾನ ಪರಿಷ್ಕರಣೆಗೆ ಸಮಾವೇಶ ಕರೆಯಬೇಕೇ ಎಂಬ ಪ್ರಶ್ನೆ 2026ರ ನವೆಂಬರ್ 3ರ ಮತಪತ್ರದಲ್ಲಿ ಇರುತ್ತದಲ್ಲ, ಅದರ ಬಗ್ಗೆ ನಾನು ವಾಟ್ಸಾಪಿನಲ್ಲಿ "ಖಾಲಿ ಬಿಟ್ಟರೆ 'ಬೇಡ' ಎಂದೇ ಲೆಕ್ಕ" ಎಂದು ಬರೆದಿದ್ದೆ. ಅದು ತಪ್ಪು. ಈಗ ಅದೇ ಮೆಸೇಜು ಬೇರೆ ಗುಂಪುಗಳಿಂದ ನನಗೇ ವಾಪಸ್ ಬರುತ್ತಿದೆ.

ಮಿಷಿಗನ್ ಸಂವಿಧಾನದ 12ನೇ ವಿಧಿಯ 3ನೇ ಸೆಕ್ಷನ್ ಪ್ರಕಾರ, ಆ ಪ್ರಶ್ನೆಗೆ ಮತ ಹಾಕಿದವರ ಬಹುಮತವಷ್ಟೇ ಲೆಕ್ಕ. ಖಾಲಿ ಬಿಟ್ಟರೆ ಯಾವ ಕಡೆಗೂ ಸೇರದು. ನಾನು ಹವಾಯಿ ರಾಜ್ಯದ ನಿಯಮವನ್ನು ಇಲ್ಲಿಗೆ ಬೆರೆಸಿಬಿಟ್ಟಿದ್ದೆ. ಅಲ್ಲಿ 1996ರಲ್ಲಿ ಇಂಥದ್ದೇ ಪ್ರಶ್ನೆಗೆ 'ಬೇಕು' 1,63,869, 'ಬೇಡ' 1,60,153 ಬಂದಿದ್ದವು. ಆದರೆ 45,245 ಖಾಲಿ ಮತಗಳನ್ನೂ ಒಟ್ಟು ಲೆಕ್ಕಕ್ಕೆ ಹಿಡಿದದ್ದರಿಂದ ಪ್ರಸ್ತಾವ ಬಿದ್ದುಹೋಯಿತು. ರಾಜ್ಯಕ್ಕೊಂದು ನಿಯಮ, ಏನು ಮಾಡೋಣ!

"'ಬೇಕು' ಗೆದ್ದರೆ ಮರುದಿನವೇ ಈಗಿನ ಸಂವಿಧಾನ ರದ್ದು" ಅಂತ ಯಾರೋ ಅದಕ್ಕೊಂದು ಸಾಲು ಸೇರಿಸಿದ್ದಾರೆ. ಅದೂ ನಿಜವಲ್ಲ. ಗೆದ್ದರೆ ಆರು ತಿಂಗಳೊಳಗೆ ಸಮಾವೇಶದ ಪ್ರತಿನಿಧಿಗಳ ಚುನಾವಣೆ ನಡೆಯಬೇಕು: ಕೆಳಮನೆಯ 110, ಮೇಲ್ಮನೆಯ 38 ಕ್ಷೇತ್ರಗಳಿಂದ ತಲಾ ಒಬ್ಬರಂತೆ 148 ಮಂದಿ. ಅವರು ಬರೆದದ್ದೂ ಮತ್ತೆ ಜನರ ಮತಕ್ಕೆ ಬರಬೇಕು. ಅಲ್ಲಿ ಒಪ್ಪಿಗೆ ಸಿಗುವವರೆಗೆ 1963ರ ಸಂವಿಧಾನವೇ ಜಾರಿಯಲ್ಲಿರುತ್ತದೆ.

ಇದು ಯಾರದೋ ಹುನ್ನಾರವೂ ಅಲ್ಲ. 1978ರಿಂದ ಹದಿನಾರು ವರ್ಷಕ್ಕೊಮ್ಮೆ ತಾನಾಗಿಯೇ ಬರುವ ಪ್ರಶ್ನೆ. 2010ರಲ್ಲಿ ಜನ 'ಬೇಡ' ಎಂದಿದ್ದರು.

ಬೇಕೋ ಬೇಡವೋ ನೀವೇ ನಿರ್ಧರಿಸಿ. ನನ್ನ ಹಳೆಯ ಮೆಸೇಜನ್ನು ಮಾತ್ರ ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.