ಗಡಿ ಎಲ್ಲಿ ಬಂತು?

ನಮ್ಮ ಮನೆ ಹತ್ತಿರದ ಸ್ಟಾಪಿನಿಂದ ಎರಡು ದಿಕ್ಕಿಗೆ ಬಸ್ಸು ಹೋಗುತ್ತದೆ. ಒಂದು ಊರೊಳಕ್ಕೆ, ಇನ್ನೊಂದು ಬೇರೆ ದೇಶಕ್ಕೆ. ಎರಡೂ ಸಿಟಿ ಬಸ್ಸುಗಳೇ. ಬೇರೆ ದೇಶಕ್ಕೆ ಹೊರಟವರ ಮುಖದಲ್ಲಿ ಅಂಥ ಕಳೆಯೇನೂ ಇರುವುದಿಲ್ಲ. ಮಡಿಲಲ್ಲಿ ಖಾಲಿ ಚೀಲ, ಕೈಯಲ್ಲಿ ಫೋನು, ಅಷ್ಟೇ. ನಡುವೆ ಯಾರೂ ಬಸ್ಸು ನಿಲ್ಲಿಸುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ.

ನಾವಿರುವುದು ಜರ್ಮನಿಯ ಪಶ್ಚಿಮದ ತುದಿಯ ಆಖನ್ ಊರಿನಲ್ಲಿ, ಅದೂ ಊರಂಚಿನ ಬಡಾವಣೆಯಲ್ಲಿ. ನೆದರ್ಲೆಂಡ್ಸಿನ ವಾಲ್ಸ್ ಎಂಬ ಪುಟ್ಟ ಪಟ್ಟಣಕ್ಕೆ ನಡೆದೇ ಹೋಗಬಹುದು. ಕಾಡು ದಾಟಿದರೆ ಬೆಲ್ಜಿಯಂ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳಿಗೆ ರಜೆ. ಆ ರಜೆಗೆ ಇಲ್ಲಿನ ಸಂವಿಧಾನದಲ್ಲೇ ರಕ್ಷಣೆ ಇದೆ, ಹಾಗಾಗಿ ಬೇಡಿಕೊಂಡರೂ ಯಾರೂ ಬಾಗಿಲು ತೆಗೆಯುವುದಿಲ್ಲ. ವಾಲ್ಸಿನಲ್ಲಿ ಮಾತ್ರ ಸೂಪರ್‌ಮಾರ್ಕೆಟ್ ತೆರೆದೇ ಇರುತ್ತದೆ. ಹೀಗಾಗಿ ಒಗ್ಗರಣೆ ಹಾಕುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಇಲ್ಲ ಅಂತ ಗೊತ್ತಾದರೆ ನಮ್ಮ ಮನೆಯವರು ಚಪ್ಪಲಿ ಮೆಟ್ಟಿಕೊಂಡು ನೆದರ್ಲೆಂಡ್ಸಿಗೆ ಹೋಗಿ ಬರುತ್ತಾರೆ. ಊರಿನಲ್ಲಿ ಇದನ್ನು ಹೇಳಿದರೆ ಜಂಬ ಕೊಚ್ಚಿಕೊಳ್ಳುತ್ತಾಳೆ ಅಂದುಕೊಳ್ಳುತ್ತಾರೆ. ಅದಕ್ಕೇ ಹೇಳುವುದನ್ನು ಬಿಟ್ಟಿದ್ದೇನೆ.

ಗಡಿ ಎಲ್ಲಿದೆ ಅಂತ ನೆಲ ನೋಡಿದರೆ ಗೊತ್ತಾಗುವುದಿಲ್ಲ. ನೀಲಿ ಬಣ್ಣದ ಒಂದು ಬೋರ್ಡು, ಹನ್ನೆರಡು ನಕ್ಷತ್ರ, ಮಧ್ಯೆ ದೇಶದ ಹೆಸರು. ಮಾತಾಡುತ್ತಾ ಹೋದರೆ ಅದೂ ಕಣ್ಣಿಗೆ ಬೀಳುವುದಿಲ್ಲ. ಸೈಕಲ್ ದಾರಿ ಕೆಂಪಗಾಯಿತು, ಕಾರುಗಳ ನಂಬರ್ ಪ್ಲೇಟು ಹಳದಿಯಾಯಿತು ಅಂದರೆ ನೆದರ್ಲೆಂಡ್ಸ್ ಬಂತು. ಪ್ಲೇಟಿನ ಮೇಲೆ ಕೆಂಪಕ್ಷರ ಇದ್ದರೆ ಬೆಲ್ಜಿಯಂನ ಕಾರು. ಫೋನಿಗೆ ಮಾತ್ರ ಗಡಿಯ ಮೇಲೆ ವಿಪರೀತ ನಿಗಾ. ನಮ್ಮ ಮನೆ ಅಂಚಿನಲ್ಲಿರುವುದರಿಂದ ಕೆಲವು ಸಲ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾಗಲೇ 'ನೆದರ್ಲೆಂಡ್ಸಿಗೆ ಸ್ವಾಗತ' ಅಂತ ಮೆಸೇಜು ಬರುತ್ತದೆ. ಹಾಲ್‌ಗೆ ಬಂದರೆ ಮತ್ತೆ ಜರ್ಮನಿ. 2017ರ ಜೂನ್‌ನಿಂದ ಯೂರೋಪಿಯನ್ ಒಕ್ಕೂಟದೊಳಗೆ ರೋಮಿಂಗ್ ಶುಲ್ಕ ತೆಗೆದಿದ್ದಾರೆ. ಇಲ್ಲದಿದ್ದರೆ ದೋಸೆ ಹುಯ್ಯುವುದಕ್ಕೂ ಬಿಲ್ ಬರುತ್ತಿತ್ತು.

ನಮ್ಮ ಮನೆಯವರು ಎಲೆಕ್ಟ್ರಿಕಲ್ ಇಂಜಿನಿಯರ್. ಅವರ ಪ್ರಕಾರ ನಿಜವಾದ ಗಡಿ ಇರುವುದು ರೈಲಿನ ಮೇಲಿನ ತಂತಿಯಲ್ಲಿ. ಜರ್ಮನಿಯ ತಂತಿಯಲ್ಲಿ 15,000 ವೋಲ್ಟ್ ಎಸಿ, ಬೆಲ್ಜಿಯಂನದರಲ್ಲಿ 3,000 ವೋಲ್ಟ್ ಡಿಸಿ, ನೆದರ್ಲೆಂಡ್ಸಿನದರಲ್ಲಿ 1,500 ವೋಲ್ಟ್ ಡಿಸಿ. ಆಖನ್‌ನ ದೊಡ್ಡ ಸ್ಟೇಷನ್ನಿನಲ್ಲಿ ಕೆಲವು ಹಳಿಗಳ ತಂತಿಗೆ ಜರ್ಮನಿಯ ಕರೆಂಟನ್ನಾದರೂ ಕೊಡಬಹುದು, ಬೆಲ್ಜಿಯಂನದನ್ನಾದರೂ ಕೊಡಬಹುದು. ಮನೆಗೆ ಯಾರೇ ಬರಲಿ, ಎರಡನೇ ಕಾಫಿ ಹೊತ್ತಿಗೆ ಈ ವೋಲ್ಟಿನ ಕಥೆ ಬಂದೇ ಬರುತ್ತದೆ. ಜನರನ್ನು ಒಂದು ಮಾಡಿದರು, ಕರೆಂಟನ್ನು ಮಾಡಲಾಗಲಿಲ್ಲ ಅಂತ ಕೊನೆಗೊಂದು ನಗು.

ನನ್ನನ್ನು ಕೇಳಿದರೆ ನಮ್ಮ ಮನೆಯ ಮಟ್ಟಿಗೆ ಗಡಿ ಇರುವುದು ಸಿಂಕಿನ ಕೆಳಗೆ. ಅಲ್ಲಿ ಖಾಲಿ ಬಾಟಲಿಗಳ ಎರಡು ಚೀಲ ಇವೆ. ಜರ್ಮನಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರು ಕೊಂಡರೆ 25 ಸೆಂಟ್ ಠೇವಣಿ. ಖಾಲಿ ಬಾಟಲಿಯನ್ನು ಅಂಗಡಿಯ ಮಿಷಿನ್ನಿಗೆ ತಿನ್ನಿಸಿದರೆ ದುಡ್ಡು ವಾಪಸ್. ನೆದರ್ಲೆಂಡ್ಸಿನಲ್ಲೂ ಠೇವಣಿ ಇದೆ, ಸಣ್ಣ ಬಾಟಲಿಗೆ 15 ಸೆಂಟ್. ಆದರೆ ಅವರ ಬಾಟಲಿ ನಮ್ಮ ಮಿಷಿನ್ನಿಗೆ ಆಗುವುದಿಲ್ಲ, ನಮ್ಮದು ಅವರದಕ್ಕೆ ಆಗುವುದಿಲ್ಲ. ಒಳಗೆ ಎಳೆದುಕೊಂಡು, ಒಂದು ಸುತ್ತು ತಿರುಗಿಸಿ, ಬಾರ್‌ಕೋಡ್ ಪಟ್ಟಿ ಓದಿ, ಹೊರಕ್ಕೆ ತಳ್ಳುತ್ತದೆ. ಮನುಷ್ಯರು ಪಾಸ್‌ಪೋರ್ಟ್ ತೋರಿಸದೆ ಓಡಾಡುವ ಜಾಗದಲ್ಲಿ ಬಾಟಲಿಗೆ ಇಷ್ಟು ಕಟ್ಟುನಿಟ್ಟು!

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ.

ಅತ್ತೆ ಅರಸೀಕೆರೆ ಕಡೆಯವರು. ನಮ್ಮನ್ನು ನೋಡಲು ಬರುವುದು ಅಂತ ನಿಶ್ಚಯವಾದ ಮೇಲೆ ಕಾಗದದ ಕೆಲಸ ಶುರುವಾಯಿತು. ಇವರು ಇಲ್ಲಿನ ಆಫೀಸಿಗೆ ಹೋಗಿ, ಅಮ್ಮನ ಖರ್ಚೆಲ್ಲ ನನ್ನದು ಅಂತ ಸಂಬಳದ ಚೀಟಿ ಇಟ್ಟು ಮುಚ್ಚಳಿಕೆ ಬರೆದುಕೊಟ್ಟರು. 30,000 ಯೂರೋಗೆ ಕಡಿಮೆ ಇಲ್ಲದ ವೈದ್ಯಕೀಯ ವಿಮೆ ಬೇಕು. ಬ್ಯಾಂಕಿನ ಪುಸ್ತಕ, ಹೋಗಿ ಬರುವ ಟಿಕೆಟ್ಟು, ಮಗನ ಪಾಸ್‌ಪೋರ್ಟಿನ ಪ್ರತಿ, ಆ ಮಗ ಅತ್ತೆಯ ಮಗನೇ ಅನ್ನುವುದಕ್ಕೆ ಪ್ರಮಾಣಪತ್ರ. ಬೆಂಗಳೂರಿನ ವೀಸಾ ಕೌಂಟರಿನಲ್ಲಿ ಹತ್ತೂ ಬೆರಳಿನ ಗುರುತು ಕೊಡಬೇಕು. ಅತ್ತೆಯ ಬೆರಳುಗಳು ಪಾತ್ರೆ ತಿಕ್ಕಿ, ಹುಣಸೆಹಣ್ಣು ಕಿವುಚಿ, ಕಾಯಿ ತುರಿದು ಸವೆದಿವೆ. ಮಿಷಿನ್ನಿಗೆ ಗೆರೆಯೇ ಸಿಗಲಿಲ್ಲ. ಒರೆಸಿ ಇಡಿ, ಒತ್ತಿ ಇಡಿ, ಇನ್ನೊಂದು ಸಲ ಇಡಿ. "ಆಧಾರ್ ಕಾರ್ಡಿನವರಿಗೂ ಹಿಂಗೇ ಆಗಿತ್ತು ಕಣಪ್ಪ" ಅಂತ ಅತ್ತೆ ಆ ಹುಡುಗನಿಗೇ ಸಮಾಧಾನ ಹೇಳಿದರಂತೆ. ಕೊನೆಗೂ ವೀಸಾ ಬಂತು. ಶೆಂಗೆನ್ ವೀಸಾ, ಅಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದ ಯೂರೋಪಿನ ದೇಶಗಳಿಗೆಲ್ಲ ಸೇರಿ ಒಂದೇ ವೀಸಾ. ಅದರ ಲೆಕ್ಕ, 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ.

ಇಷ್ಟೆಲ್ಲ ಪಾಡು ಪಟ್ಟು ಬಂದವರಿಗೆ ಸಹಜವಾಗಿ ಒಂದು ಆಸೆ. ಗಡಿ ನೋಡಬೇಕು. ಅತ್ತೆಗೆ ಗಡಿ ಅಂದರೆ ಅತ್ತಿಬೆಲೆ ಚೆಕ್‌ಪೋಸ್ಟು. ಲಾರಿಗಳ ಸಾಲು, ಕೈಯಲ್ಲಿ ಕೋಲು ಹಿಡಿದವರು, "ಡಿಕ್ಕಿ ತೆಗೀರಿ" ಅನ್ನುವವರು, ಆಚೆ ಅಂಗಡಿ ಬೋರ್ಡಿನ ಮೇಲೆ ಬೇರೆ ಲಿಪಿ. ಕಾರಿನಲ್ಲಿ ವಾಲ್ಸ್ ಕಡೆ ಹೊರಟಾಗ ಕಿಟಕಿಗೆ ಕಣ್ಣು ಹಚ್ಚಿ ಕೂತರು. "ಬಂತೇನೋ?" "ಹೋಯ್ತಮ್ಮ." "ಎಲ್ಲಿ?" "ಆಗಲೇ, ಆ ಪೆಟ್ರೋಲ್ ಬಂಕ್ ಹತ್ರ." ಅತ್ತೆ ಹಿಂದಕ್ಕೆ ತಿರುಗಿ ನೋಡಿದರು. ರಸ್ತೆ, ಮರ, ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ. ಇದಕ್ಕಾ ಅಷ್ಟು ಬೆರಳು ಒತ್ತಿಸಿಕೊಂಡಿದ್ದು, ಅಂದರು.

ಮಗಳು ಹಿಂದಿನ ಸೀಟಿನಿಂದ ಪಾಠ ಒಪ್ಪಿಸಿದಳು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಅನ್ನುವ ಹಳ್ಳಿಯ ಹತ್ತಿರ, ಮೋಸೆಲ್ ನದಿಯ ಮೇಲೆ, ಒಂದು ಹಡಗಿನಲ್ಲಿ, ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಐದು ದೇಶದವರು ಸಹಿ ಹಾಕಿದರು. ಅದು ಜಾರಿಗೆ ಬರಲು ಮತ್ತೆ ಹತ್ತು ವರ್ಷ ಬೇಕಾಯಿತು, 1995ರ ಮಾರ್ಚ್. ಈ ಹುಡುಗಿಗೆ ಗಡಿ ಅನ್ನುವುದು ಇತಿಹಾಸದ ಪಾಠ. ಅವಳ ಕ್ಲಾಸಿನಲ್ಲಿ ಬೆಲ್ಜಿಯಂನಿಂದ ದಿನಾ ಬರುವ ಮಕ್ಕಳಿದ್ದಾರೆ. ಅಲ್ಲಿ ಮನೆ ಅಗ್ಗ ಅಂತ ಆಖನ್‌ನಲ್ಲಿ ಕೆಲಸ ಮಾಡುವ ಎಷ್ಟೋ ಜರ್ಮನರು ಆಚೆ ಮನೆ ಮಾಡಿದ್ದಾರೆ. ಅವಳ ಗೆಳತಿಯರು ಜೇಬಿನಲ್ಲಿ ಏನೂ ಇಲ್ಲದೆ ದೇಶ ದಾಟುತ್ತಾರೆ. ನಾವು ಕೊತ್ತಂಬರಿಗೆ ಹೋದರೂ ಪಾಸ್‌ಪೋರ್ಟು, ವಾಸದ ಪರವಾನಗಿ ಕಾರ್ಡು ಎರಡನ್ನೂ ಜೇಬಿಗೆ ಹಾಕಿಕೊಂಡೇ ಹೋಗಬೇಕು. ಯಾರೂ ಕೇಳುವುದಿಲ್ಲ, ನಿಜ. ಆದರೂ ಜೇಬು ಮುಟ್ಟಿ ನೋಡಿಕೊಳ್ಳುವುದು ತಪ್ಪುವುದಿಲ್ಲ.

ವಾಲ್ಸ್ ಮೇಲಿನ ಗುಡ್ಡಕ್ಕೆ ಹೋದರೆ ಮೂರು ದೇಶ ಕೂಡುವ ಜಾಗ ಸಿಗುತ್ತದೆ. ಎತ್ತರ 322 ಮೀಟರ್. ದೂರದ ಕೆರಿಬಿಯನ್ ದ್ವೀಪಗಳನ್ನು ಬಿಟ್ಟರೆ ನೆದರ್ಲೆಂಡ್ಸಿಗೆ ಇದೇ ಅತಿ ಎತ್ತರದ ನೆತ್ತಿ. ನಮ್ಮ ಕಡೆ ಇದಕ್ಕೆ ಯಾರೂ ಹೆಸರು ಕೂಡ ಇಡುತ್ತಿರಲಿಲ್ಲ. ಒಂದು ಗಿಡ್ಡ ಕಂಬ, ನೆಲದ ಮೇಲೆ ಗೆರೆಗಳು, ಮೂರು ಬಾವುಟ. ಜನ ಒಂದು ಕಾಲು ಇಲ್ಲಿಟ್ಟು ಒಂದು ಕಾಲು ಅಲ್ಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದೆ ಇಲ್ಲಿ ನಾಲ್ಕು ಗಡಿಗಳು ಸೇರುತ್ತಿದ್ದವು. ನೆಪೋಲಿಯನ್ ಸೋತ ಮೇಲೆ ಪಕ್ಕದ ಸತುವಿನ ಗಣಿ ಯಾರಿಗೆ ಅಂತ ಆಗಿನ ಜರ್ಮನ್ ರಾಜ್ಯ ಪ್ರಷ್ಯಾಕ್ಕೂ ನೆದರ್ಲೆಂಡ್ಸಿಗೂ ಜಗಳ ಬಗೆಹರಿಯಲಿಲ್ಲ. 1816ರಲ್ಲಿ, ಸರಿ, ಇಬ್ಬರಿಗೂ ಬೇಡ ಅಂತ ಮೂರೂವರೆ ಚದರ ಕಿಲೋಮೀಟರಿನಷ್ಟು ಜಾಗವನ್ನು ತಟಸ್ಥ ಮೋರೆಸ್ನೆ ಅಂತ ಬಿಟ್ಟುಬಿಟ್ಟರು. 1920ರಲ್ಲಿ ಅದು ಬೆಲ್ಜಿಯಂಗೆ ಸೇರಿತು. ಆದರೆ ವಾಲ್ಸಿನಿಂದ ಗುಡ್ಡ ಹತ್ತುವ ರಸ್ತೆಗೆ ಈಗಲೂ ನಾಲ್ಕು ಗಡಿಗಳ ರಸ್ತೆ ಅಂತಲೇ ಹೆಸರು. ಬೋರ್ಡು ಬದಲಿಸಲು ಯಾರಿಗೂ ಮನಸ್ಸಾಗಿಲ್ಲ.

ಅತ್ತೆ ಕಂಬದ ಸುತ್ತ ಒಂದು ಸುತ್ತು ಹಾಕಿ, ಬೆಂಚಿನ ಮೇಲೆ ಕೂತು, ಸ್ವಲ್ಪ ಹೊತ್ತು ನೋಡಿ ಕೇಳಿದರು. "ಅಲ್ಲ ಕಣೇ, ಇಲ್ಲಿ ಕಸ ಗುಡಿಸೋದು ಯಾವ ದೇಶದೋರು?"

ನಾವು ಯಾರೂ ಯೋಚಿಸಿರಲಿಲ್ಲ. ಜಾಗ ಮಾತ್ರ ಚೊಕ್ಕಟವಾಗಿತ್ತು. ಅವರಿಗೆ ಆಶ್ಚರ್ಯವಾದದ್ದು ಅದೇ. ಮೂವರಿಗೆ ಸೇರಿದ್ದು ಅಂದ ಮೇಲೆ ಯಾರೋ ಒಬ್ಬರು ಮಾಡಲಿ ಅಂತ ಮೂವರೂ ಬಿಡಬೇಕಿತ್ತಲ್ಲ! ಅವರ ತವರಿನಲ್ಲಿ ಎರಡು ಹೊಲದ ನಡುವಿನ ಬದುವನ್ನು ಒಬ್ಬ ಗೇಣುದ್ದ ಕೊರೆದ ಅಂತ ಎರಡು ಮನೆಯವರು ಎರಡು ತಲೆಮಾರು ಕೋರ್ಟಿಗೆ ಅಲೆದಿದ್ದಾರೆ. ಬಾಂದುಕಲ್ಲು ರಾತ್ರೋರಾತ್ರಿ ನಡೆದುಕೊಂಡು ಹೋಗುವುದನ್ನು ಕಂಡವರು ಅವರು. ಹಾಗಾಗಿ ಇವರು ಮಾಸ್ ನದಿಯ ಕಥೆ ಹೇಳಿದಾಗ ಮೊದಲು ನಂಬಲಿಲ್ಲ. ನೆದರ್ಲೆಂಡ್ಸಿನ ಮಾಸ್ಟ್ರಿಖ್ಟ್ ಊರಿನ ದಕ್ಷಿಣಕ್ಕೆ ಆ ನದಿಯ ಸೊಟ್ಟವನ್ನು ನೇರ ಮಾಡಿದ್ದರು. ಆಗ ಬೆಲ್ಜಿಯಂನ ತುಂಡು ನೆಲ ನೆದರ್ಲೆಂಡ್ಸಿನ ದಡಕ್ಕೂ ನೆದರ್ಲೆಂಡ್ಸಿನದು ಬೆಲ್ಜಿಯಂನ ದಡಕ್ಕೂ ಸಿಕ್ಕಿಕೊಂಡವು. ಎರಡು ದೇಶಗಳೂ ಕೂತು ಮಾತಾಡಿ ನೆಲ ಅದಲು ಬದಲು ಮಾಡಿಕೊಂಡವು. 2018ರ ಜನವರಿ 1ಕ್ಕೆ ಜಾರಿಗೆ ಬಂತು. ಇದರಲ್ಲಿ ಬೆಲ್ಜಿಯಂ ಕೊಟ್ಟದ್ದೇ ಜಾಸ್ತಿ. "ಜಾಸ್ತಿ ಕೊಟ್ಟು ಸುಮ್ನಿದ್ರಾ?" ಅಂತ ಅತ್ತೆ ಎರಡೆರಡು ಸಲ ಕೇಳಿದರು.

ಸುಮ್ಮನಿದ್ದರು ಅಂತ ಇಲ್ಲಿಯವರನ್ನು ತೀರ ಸಾಧುಗಳನ್ನಾಗಿ ಮಾಡುವುದೂ ಬೇಡ. ಇದೇ ಗಡಿಯಲ್ಲಿ ಕಾಫಿಗಾಗಿ ಗುಂಡು ಹಾರಿದೆ, ಜನ ಸತ್ತಿದ್ದಾರೆ. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಕಾಫಿಗೆ ವಿಪರೀತ ತೆರಿಗೆ. ಬೆಲ್ಜಿಯಂನಲ್ಲಿ ಅಗ್ಗ. ಕಾಡಿನ ದಾರಿಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ದೊಡ್ಡವರು ಮಕ್ಕಳೆನ್ನದೆ ಕಾಫಿ ಸಾಗಿಸಿದರು. ಬೆನ್ನಟ್ಟಿ ಬರುವ ಕಸ್ಟಮ್ಸ್ ಕಾರಿನ ಟೈರು ಪಂಕ್ಚರ್ ಆಗಲಿ ಅಂತ ಕಳ್ಳಸಾಗಣೆಯವರು ರಸ್ತೆಗೆ ಕಬ್ಬಿಣದ ಮುಳ್ಳು ಚೆಲ್ಲುತ್ತಿದ್ದರು. ಕಸ್ಟಮ್ಸಿನವರು ಒಂದು ಪೋರ್ಷೆ ಕಾರು ತಂದು ಅದರ ಮುಂದೆ ಪೊರಕೆ ಕಟ್ಟಿದರು. ಮುಳ್ಳು ಗುಡಿಸುತ್ತಾ ಬೆನ್ನಟ್ಟುವುದು! ಹತ್ತಿರದ ಶ್ಮಿಟ್ ಎಂಬ ಹಳ್ಳಿಯಲ್ಲಿ ಯುದ್ಧದಲ್ಲಿ ಹಾಳಾದ ಚರ್ಚನ್ನು ಮತ್ತೆ ಕಟ್ಟಲು ಕಾಫಿ ದುಡ್ಡೂ ಹುಂಡಿಗೆ ಬಿತ್ತು. ಆ ಚರ್ಚಿಗೆ ಜನ ಇಂದಿಗೂ ಸಂತ ಮೋಕಾ ಅನ್ನುತ್ತಾರೆ, ಮೋಕಾ ಅಂದರೆ ಕಾಫಿ. 1953ರಲ್ಲಿ ತೆರಿಗೆ ಇಳಿಸಿದ ಮೇಲೆ ಈ ಧಂಧೆ ಕುಸಿಯಿತು.

ಕಾಫಿಗಾಗಿ ಪ್ರಾಣ ಕೊಟ್ಟರು ಅಂದಾಗ ಅತ್ತೆಯ ಮುಖದಲ್ಲಿ ಮೊದಲ ಸಲ ಇಲ್ಲಿಯವರ ಬಗ್ಗೆ ಗೌರವ ಕಂಡೆ.

ತೆರಿಗೆ ಈಗಲೂ ಇದೆ. ಹುರಿದ ಕಾಫಿಗೆ ಕಿಲೋಗೆ 2.19 ಯೂರೋ. ನೆದರ್ಲೆಂಡ್ಸಿನಲ್ಲಿ ಅಂಥ ತೆರಿಗೆ ಇಲ್ಲ. ಆದ್ದರಿಂದ ಆಖನ್‌ನ ಜನ ವಾಲ್ಸಿನಿಂದ ಕಾಫಿ ಪ್ಯಾಕೆಟ್ಟು ಹೊತ್ತು ತರುವುದು ನಿಂತಿಲ್ಲ. ಸ್ವಂತಕ್ಕೆ ಹತ್ತು ಕಿಲೋವರೆಗೆ ತಂದರೆ ತಕರಾರಿಲ್ಲ. ನಾವೂ ತರುತ್ತೇವೆ. ಅತ್ತೆ ಬಂದಾಗ ಮಾತ್ರ ಪ್ಯಾಕೆಟ್ಟು ಬೀರುವಿಗೆ ಸೇರುತ್ತದೆ. ಅವರು ಅರಸೀಕೆರೆಯಿಂದ ಚಿಕೋರಿ ಹಾಕಿಸಿದ ಪುಡಿ ತಂದಿರುತ್ತಾರೆ. ಇಲ್ಲಿನದು ಬರೀ ಕಹಿ, ಚಿಕೋರಿ ಇಲ್ಲದೆ ಡಿಕಾಕ್ಷನ್ನಿಗೆ ಮೈ ಬರಲ್ಲ ಅನ್ನುತ್ತಾರೆ. ನಾನು ವಾದ ಮಾಡುವುದಿಲ್ಲ.

ಅತ್ತೆ ವಾಪಸ್ ಹೊರಡುವ ಮುಂಚೆ ಒಂದು ಶನಿವಾರ ಮಾಸ್ಟ್ರಿಖ್ಟಿಗೆ ಹೋಗಿದ್ದೆವು. ನೆದರ್ಲೆಂಡ್ಸಿನ ಹೆದ್ದಾರಿಯಲ್ಲಿ ಹಗಲು ಹೊತ್ತು ಸಾಮಾನ್ಯವಾಗಿ 100 ದಾಟುವ ಹಾಗಿಲ್ಲ. ಇವರು ನೂರಕ್ಕೆ ಮುಳ್ಳು ನಿಲ್ಲಿಸಿ, ಜರ್ಮನಿ ಬರಲಿ ಅಂತ ತುಟಿ ಕಚ್ಚಿಕೊಂಡು ಕೂತಿರುತ್ತಾರೆ. ಅವತ್ತು ಜರ್ಮನಿ ಬರುತ್ತಿದ್ದಂತೆ ಕೋನ್‌ಗಳನ್ನು ಇಟ್ಟು ದಾರಿ ಕಿರಿದು ಮಾಡಿದ್ದರು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿದೆ. ದಿನಾ ಇರುವುದಿಲ್ಲ, ಎಲ್ಲರನ್ನೂ ನಿಲ್ಲಿಸುವುದೂ ಇಲ್ಲ. ನಮ್ಮನ್ನು ನಿಲ್ಲಿಸಿದರು. ಪೊಲೀಸ್ ಹುಡುಗ ಬಗ್ಗಿ ಒಳಗೆ ನೋಡಿ ಕಾಗದ ಕೇಳಿದ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಇವರು ಸ್ಟೀರಿಂಗ್ ಬಿಡದೆ ನೇರ ಕೂತರು. ಮಗಳಿಗೆ ಅವಮಾನವಾದ ಹಾಗಿತ್ತು. ಮುಂದಿನ ಮೂರು ಕಾರುಗಳನ್ನು ಬಿಟ್ಟದ್ದನ್ನು ಅವಳು ನೋಡಿದ್ದಳು, ಯಾಕೆ ಅಂತ ನಮ್ಮನ್ನು ಕೇಳಲಿಲ್ಲ.

ಅತ್ತೆ ಮಾತ್ರ ಅರಳಿದರು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರು ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಪಾಸ್‌ಪೋರ್ಟು, ವಿಮೆ ಕಾಗದ, ಟಿಕೆಟ್ಟು, ಕೇಳದಿದ್ದರೂ ಆಧಾರ್ ಕಾರ್ಡು, ಎಲ್ಲವನ್ನೂ ಒಂದೊಂದಾಗಿ ಕಿಟಕಿಯಲ್ಲಿ ಕೊಟ್ಟರು. ಆ ಹುಡುಗ ವೀಸಾ ಇದ್ದ ಹಾಳೆ ನೋಡಿ, ಮುಖ ನೋಡಿ, ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲ ಜೋಡಿಸಿ ವಾಪಸ್ ಕೊಟ್ಟು, ಹೋಗಿ ಅಂತ ಕೈ ಮಾಡಿದ.

ಕಾರು ಸ್ವಲ್ಪ ದೂರ ಹೋಗುವವರೆಗೆ ಯಾರೂ ಮಾತಾಡಲಿಲ್ಲ. ಅತ್ತೆ ರಬ್ಬರ್ ಬ್ಯಾಂಡ್ ಹಾಕುತ್ತಾ ಗೊಣಗಿದರು.

"ಡಿಕ್ಕಿ ತೆಗೆಸಲೇ ಇಲ್ವಲ್ಲೋ. ಅಷ್ಟೊಂದು ಕಾಫಿಪುಡಿ ಇತ್ತು. ಇದೆಂಥಾ ಚೆಕ್ಕಿಂಗು?"